ದೊಡ್ಡಮ್ಮನ ಬೈಗುಳಕ್ಕೆ ಇನ್ನೂರು ದನಿ

ಬೋಡೊ, ನಾರ್ವೆ
ಮಂಗಳವಾರ

ದೊಡ್ಡಮ್ಮಾ,

ಒಂದು ವಿಷಯ ಮುಚ್ಚಿಟ್ಟಿದ್ದೆ, ಸಿಟ್ಟಾಗಬೇಡ. ನಾನು ಎರಡು ವರ್ಷ ಮನಸ್ಸು ಕುಸಿದು ಹಾಸಿಗೆ ಹಿಡಿದಿದ್ದಾಗ ನೀನು ದಿನಾ ಬಾಗಿಲು ಗುದ್ದಿ ಕೂಗುತ್ತಿದ್ದೆಯಲ್ಲ, “ಏಳೇ ಸೋಂಬೇರಿ! ಲೋಕ ಇನ್ನೂ ಮುಳುಗಿಲ್ಲ, ಮುಖ ತೊಳ್ಕೊ!” ಎಂದು? ಅದನ್ನೇ ನಮ್ಮ ಪಂಕ್ ತಂಡದ ಹೊಸ ಹಾಡಿಗೆ ಪಲ್ಲವಿ ಮಾಡಿದ್ದೇನೆ.

ನಿನ್ನೆ ಮಧ್ಯಾಹ್ನ ಇಲ್ಲಿಯ ಮೀನುಗಾರರ ಸಭಾಂಗಣದಲ್ಲಿ ಮೊದಲು ಅರ್ಥ ಹೇಳಿ, ಅದನ್ನು ಕನ್ನಡದಲ್ಲೇ ಕಿರುಚಿದೆ. ಮೂರನೆಯ ಸಲಕ್ಕೆ ಇನ್ನೂರು ಜನ ಗಡ್ಡದವರು ಕುಣಿಯುತ್ತ ಅದೇ ಪಲ್ಲವಿ ಕೂಗಿ ನನಗೇ ಬೈದರು! ಅಳು, ನಗು ಒಟ್ಟಿಗೇ ಬಂದು ಮುಂದಿನ ಸಾಲೇ ಮರೆತುಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಪಂಕ್‌ನಲ್ಲಿ ಅದೊಂದು ಅನುಕೂಲ.

ಆಮೇಲೆ ಅಡುಗೆಯ ಗುನ್ವೋರ್ ಮೀನಿನ ಸಾರು ಬಡಿಸುತ್ತ ಕೇಳಿದರು, “ಹಂಗೆ ಬೈದೋರು ಇನ್ನೂ ಇದಾರೇನಮ್ಮಾ?”

“ಗಟ್ಟಿಮುಟ್ಟಾಗಿದಾರೆ,” ಎಂದೆ.

“ನನ್ನ ಗಂಡ ದೋಣಿ ಮಾರಿದ ಮೇಲೆ ಸೋಫಾ ಬಿಟ್ಟು ಎದ್ದಿಲ್ಲ ಕಣೇ. ನಲವತ್ತು ವರ್ಷ ಬೈದೂ ಬೈದೂ ನನ್ನ ಬೈಗುಳ ಸವೆದುಹೋಗಿದೆ. ಅವರ ನಂಬರ್ ಕೊಡ್ತೀಯಾ?”

ಕೊಟ್ಟುಬಿಟ್ಟೆ.

ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ವ್ಯಾನೂ ಹೊರಟಿದೆ.

ನಿನ್ನ ರೋವೆನಾ

ಮುಂದಿನ ವಾರ ನಾರ್ವೆಯಿಂದ ಫೋನ್ ಬರುತ್ತದೆ. ಗುನ್ವೋರ್ ಗಂಡನ ಹೆಸರು ಐವಿಂಡ್. ಕಿವಿ ಸ್ವಲ್ಪ ಮಂದವಂತೆ, ಜೋರಾಗಿ ಬೈ.