ಗೋಡೆ ತೂತಿಗೊಂದು ಮಡಕೆ

ಗುಬ್ಬಿ, ಮಾರ್ಚ್ ಹತ್ತು, ಎರಡು ಸಾವಿರದ ಎರಡು

ಕೂಸೇ ತ್ರಿವೇಣಿ,

...ತಿರ್ಗಾ ಮೊದ್ಲಿಂದ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡ ಕಣವ್ವ. ಇಷ್ಟೊತ್ತು ಹೇಳಿದ್ದು ಕ್ಯಾಸೆಟ್‌ಗೆ ಬಿದ್ದೇ ಇಲ್ಲ. ಕೆಂಪು ಬಟನ್ ಒತ್ತೋದೇ ಮರ್ತಿದ್ದೆ. ನಿಮ್ಮಮ್ಮ ಪಕ್ಕದಲ್ಲಿ ಕೂತು ನಗ್ತಾವ್ಳೆ.

ಅಜ್ಜಿ ಹೆಂಗವ್ಳೆ ಅಂತ ಕೇಳಿದ್ದೆಯಲ್ಲ. ಸೊಂಟ ಮುರಿದ ಮೇಲೆ ಅವ್ವ ಎದ್ದಿಲ್ಲ, ದೊಡ್ಡಪ್ಪನ ಪಾಲಲ್ಲೇ ಮಲ್ಗವ್ಳೆ. ಮನೆ ಪಾಲಾದಾಗಿಂದ ನಾನೂ ನಿನ್ನ ದೊಡ್ಡಪ್ಪ ಮುದ್ದಯ್ಯಣ್ಣನೂ ಒಬ್ಬರ ಹೊಸ್ಲು ಒಬ್ರು ತುಳಿದಿಲ್ಲ, ಮಾತೂ ಇಲ್ಲ. ಮಧ್ಯದ ಗೋಡೆಲಿ ಹಳೇ ಕೇಬಲ್ ವೈರಿನ ತೂತೊಂದದೆ, ಕಿರುಬೆರಳು ಹೋಗೋವಷ್ಟು. ಅಲ್ಲಿ ಕಿವಿ ಇಟ್ರೂ ಅವ್ವನ ದನಿ ಕೇಳ್ತಿರ್ಲಿಲ್ಲ. ಕೂಗೋ ಶಕ್ತಿ ಎಲ್ಲದೆ ಅವಳಿಗೆ?

ಆಗ ಫೋನಲ್ಲಿ ನಿನ್ನ ಲ್ಯಾಬ್ ವಿಷ್ಯ ಹೇಳಿದ್ದೆಯಲ್ಲ, ಅದು ನೆನಪಾಯ್ತು. ಅಲೆಗಿಂತ ತೂತು ತೀರಾ ಸಣ್ಣದಾದ್ರೆ ಅಲೆ ದಾಟಲ್ಲ, ತೂತಿನ ಬಾಯಲ್ಲಿ ಆ ಅಲೆಗೆ ತಾನೂ ಮಿಡಿಯೋ ಉಂಗುರ ಇಟ್ರೆ ಅದು ಅಲೆನ ಬಾಚಿ ಆಚೆ ದಾಟಿಸುತ್ತೆ ಅಂದೆ ನೀನು. ಶಬ್ದಕ್ಕಾದ್ರೆ ಮಡಕೆ ಸಾಕು ಅಂತ ನಕ್ಕೆ. ನೀನು ತಮಾಷೆಗೆ ಅಂದಿದ್ದು, ನಾನು ನಿಜ ಅಂದ್ಕೊಂಡೆ.

ಲಿಂಗದ ಮೇಲೆ ನೀರು ತೊಟ್ಟಿಕ್ಕಕ್ಕೆ ತಳದಲ್ಲಿ ತೂತಿರೋ ಮಡಕೆ ಅಟ್ಟದಲ್ಲಿತ್ತಲ್ಲ, ಅದರ ಬಾಯಿ ಗೋಡೆ ತೂತಿನ ಮೇಲೆ ಒತ್ತಿ, ತಳಕ್ಕೆ ಕಿವಿ ಕೊಟ್ಟೆ. ನಿಮ್ಮಮ್ಮ, ಮಡಕೆ ಜೊತೆ ಏನ್ರೀ ಗುಟ್ಟು ಅಂದ್ಲು. ಬರೀ ಗುಂಯ್ ಅಂತಿತ್ತು. ಅವ್ವನ ದನಿಗೆ ಮಿಡೀಲಿ ಅಂತ ಒಳಗೆ ಜೇಡಿಮಣ್ಣು ಮೆತ್ತಿ, ಕೆರೆದು, ಮತ್ತೆ ಮೆತ್ತಿ... ಒಂದು ಸಂಜೆ ಬಂತು ನೋಡು: ಶಿವೂ... ಮಿಕ್ಕ ಮಾತು ಬರಲ್ಲ. ಅವ್ವ ನನ್ನ ಹೆಸರು ಎಳೆದು ಕರೆಯೋ ಆ ‘ಊ’ ಒಂದೇ. ಸಾಕಲ್ವ?

ನಿನ್ನೆ ಅದು ಇನ್ನೂ ಜೋರಾಗಿ ಬಂತು. ಹಿಂದೆನೇ ಅಣ್ಣ ಗದರಿದ: ಏನ್ಲಾ ಅಲ್ಲಾಡಿಸ್ತೀಯ, ನೆಟ್ಟಗೆ ಹಿಡ್ಕಳ್ಲಾ, ಈ ಕಡೆ ನಾನೂ ಒಂದು ಮಡಕೆ ಹಿಡ್ಕೊಂಡಿಲ್ವ? ಅವ್ವ ಕರೀತಾವ್ಳೆ, ಓ ಅನ್ನಕ್ಕೇನು ಧಾಡಿ? ಅವನ ಗಂಟಲಿಗೆ ತೂತೂ ಬೇಡ, ಮಡಕೆನೂ ಬೇಡ ಬಿಡು. ಓ ಅಂದೆ. ಅಷ್ಟೇ. ಅದು ಅಣ್ಣನ ಜೊತೆ ಮಾತಾಡಿದಂಗೋ ಅಲ್ವೋ, ನೀನೇ ಹೇಳು.

ಹೊತ್ತೊತ್ತಿಗೆ ಉಣ್ಣು.

ನಿನ್ನಪ್ಪ,
ಶಿವಮೂರ್ತಿ

ಮರೆತಿದ್ದೆ: ದೊಡ್ಡಪ್ಪನ ಕೈಗೆ ಮಡಕೆ ಕೊಡ್ಸಿದ್ಯಾರು? ಎರಡೂ ಕಡೆ ಇಟ್ರೆ ಇನ್ನೂ ಚೆನ್ನಾಗಿ ದಾಟುತ್ತೆ ಅಂತ ಯಾರೋ ಹುಡುಗಿ ಅವನಿಗೂ ಫೋನ್ ಮಾಡಿದ್ಲಂತೆ, ಅತ್ತಿಗೆ ನಿಮ್ಮಮ್ಮನ ಹತ್ರ ಬಾಯ್ಬಿಟ್ಟವ್ಳೆ. ಕಳ್ಳಿ! ನನ್ನ ಮಡಕೆ ವಿಷ್ಯ ನಿಮ್ಮಮ್ಮ ಮೊದ್ಲೇ ನಿನ್ನ ಕಿವಿಗೆ ಹಾಕವ್ಳೆ ತಾನೆ? ತಡಿ, ಬೀದಿ ಬಾಗ್ಲಲ್ಲಿ ಯಾರೋ... ಅಣ್ಣ ಕಣವ್ವ! ಮಡಕೆ ಹಿಡಿದು ಕೈ ನೋಯ್ತದೆ, ಬಾಗ್ಲಿಂದ ಬಾರ್ಲಾ ಅಂತಾವ್ನೆ. ಬಂದೆ ಅಣ್ಣಾ! ಇಡ್ತೀನವ್ವ