ಚೀಟಿಯಲ್ಲಿ ಬಂದ ಜಪಾನ್

ಡಿಸೆಂಬರ್ 26, ಶುಕ್ರವಾರ

ಪ್ರಾರ್ಥನೆ ಮಾಡಿದರೆ ಸಾಲದು, ಬರೆಯಲೂ ಬೇಕಂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು! ಸೊಸೆ ಇವ್ಲಿನ್‌ಳ ಪ್ರೇಯರ್ ಗ್ರೂಪಿನ ಹೊಸ ಹುಚ್ಚು. ವರ್ಷದ ಕೊನೆಗೆ ಮನೆಗೊಂದು ದೇಶಕ್ಕಾಗಿ ಪ್ರಾರ್ಥನೆ, ಚೀಟಿ ಎತ್ತಿ. ನನಗೆ ಬಂದದ್ದು ಜಪಾನ್.

"ಯಾರೂ ಓದುದಿಲ್ಲ ಮಾಂಯ್. ದೇವರಿಗೆ ಮಾತ್ರ."

"ಯಾಕೆ, ದೇವರಿಗೆ ಕಿವಿ ಕೇಳುದಿಲ್ವಾ?"

ಕೊಟ್ಟ ಹಾಳೆಯಲ್ಲಿದ್ದದ್ದನ್ನೇ ಓದಿದೆ. ವರ್ಷವಿಡೀ ದುಡಿದು ಬಳಲಿದ ಜಪಾನಿನ ಜನರಿಗೆ ಈ ರಜೆಯಲ್ಲಿ ವಿಶ್ರಾಂತಿ ಸಿಗಲಿ, ಮನೆಯವರ ಜೊತೆ ಊಟ ಸಿಗಲಿ, ಒಂಟಿ ಮುದುಕರಿಗೆ ನಿನ್ನ ಶಾಂತಿ ಸಿಗಲಿ. ಆಮೆನ್.

ಸ್ವಲ್ಪ ಜೋರಾಗಿಯೇ ಓದಿದೆ. ಕಿರಿಮಗ ಫ್ರೆಡ್ಡಿಯ ಧಣಿಗಳೂ ಜಪಾನಿನವರೇ. ಅವರ ಹಡಗಿನಲ್ಲಿ ಕುಕ್. ಈಗ ನಾವಿರುವ ಈ ಗಲ್ಫಿನಲ್ಲೇ, ಸೊಹಾರ್ ಬಂದರಿನ ಹೊರಗೆ ಲಂಗರು ಹಾಕಿ ನಿಂತಿದೆಯಂತೆ. ಇಷ್ಟು ಹತ್ತಿರ ಬಂದೂ ಕ್ರಿಸ್ಮಸ್‌ಗೆ ಮನೆಗಿಲ್ಲ. ಅವನ ಪಾಲಿನ ಹಬ್ಬದ ತಿಂಡಿ, ಕುಸ್ವಾರ್, ಡಬ್ಬದಲ್ಲಿ ತೆಗೆದಿಟ್ಟಿದ್ದೇನೆ.

27, ಶನಿ

ಅದೇ ಪ್ರಾರ್ಥನೆ. ಮೀನು ಕ್ಲೀನ್ ಮಾಡುತ್ತಾ. ಸಾಕು.

29, ಸೋಮ

ಫ್ರೆಡ್ಡಿಗೆ ಹೊಟ್ಟೆನೋವು. ಕ್ರಿಸ್ಮಸ್‌ನಿಂದಲೇ ಅಂತೆ, ನನಗೆ ಹೇಳಿರಲಿಲ್ಲ. ಜ್ವರ ಬೇರೆ. ಗ್ಯಾಸ್ ಎಂದು ಕ್ಯಾಪ್ಟನ್ ಗುಳಿಗೆ ಕೊಟ್ಟನಂತೆ. ಇವ್ಲಿನ್ ನರ್ಸ್. ಎಲ್ಲಿ ನೋವು, ಒತ್ತಿ ನೋಡು ಎಂದೆಲ್ಲ ಫೋನಿನಲ್ಲಿ ಕೇಳಿದಳು. ಅಪೆಂಡಿಕ್ಸ್ ಇರಬೇಕು, ದಡಕ್ಕೆ ತರಲೇಬೇಕು ಎಂದಳು.

ಸೊಹಾರಿನಲ್ಲಿ ಆ ಹಡಗಿನ ಕೆಲಸ ನೋಡುವ ಶಿಪ್ಪಿಂಗ್ ಏಜೆಂಟರ ಆಫೀಸಿನ ಮೊಯ್ದುವಿಗೆ ಫೋನ್ ಮಾಡಿದೆ. ಉಳ್ಳಾಲದವ, ಗುರುತಿನವ.

"ಬಾಯಮ್ಮ, ಎಮರ್ಜೆನ್ಸಿ ಅಂತ ಕ್ಯಾಪ್ಟನ್ ಬರೆದ್ರೆ ಈಗಲೇ ಬೋಟ್ ಬಿಡ್ತೇನೆ. ಅವ ಬರೆಯುದಿಲ್ಲ, ಗ್ಯಾಸ್ ಅಂತಲೇ ಹೇಳ್ತಾನೆ. ಇಲ್ಲದಿದ್ರೆ ಜಪಾನಿನ ಧಣಿಗಳಿಂದ ಓಕೆ ಬರ್ಬೇಕು. ಅವರ ಆಫೀಸು ಇನ್ನು ಐದನೇ ತಾರೀಕಿಗೇ ಓಪನ್. ವರ್ಷದ ಕೊನೆಯ ರಜೆ."

"ಇಡೀ ದೇಶಕ್ಕಾ?"

"ಹೌದು ಮಾರಾಯ್ರೆ. ಎಲ್ಲ ಮನೆಯಲ್ಲಿ ರೆಸ್ಟ್."

ರೆಸ್ಟ್. ಕೇಳಿಕೊಂಡವಳು ನಾನೇ.

30, ಮಂಗಳ

ಗ್ರೂಪಿನಲ್ಲಿ ನನ್ನ ಸರದಿ. ಹಾಳೆ ಮಡಚಿಟ್ಟೆ. ದೇವರೇ, ಮೊನ್ನೆ ಕೇಳಿದ್ದು ವಾಪಸ್. ಅವರ ನಿದ್ದೆ ಕೆಡಿಸು. ಉಣ್ಣುವ ತುತ್ತು ಗಂಟಲಲ್ಲೇ ನಿಲ್ಲಲಿ. ಒಬ್ಬನಾದರೂ ಎದ್ದು ಫೋನ್ ಎತ್ತಲಿ — ಎಂದೆ. ಯಾರೂ ಆಮೆನ್ ಹೇಳಲಿಲ್ಲ.

ಕಾರಿನಲ್ಲಿ ಇವ್ಲಿನ್ ಶುರುಮಾಡಿದಳು. "ಹಾಗೆಲ್ಲ ಶಾಪ ಹಾಕ್ಬಾರ್ದು ಮಾಂಯ್. ಪ್ರಾರ್ಥನೆ ವಾಪಸ್ ತೆಗೀಲಿಕ್ಕೆ ಆಗುದಿಲ್ಲ."

"ಇಲ್ಲಿ ರೂವಿ ಪೇಟೆಯ ಅಂಗಡಿಯವನೇ ಕೊಟ್ಟ ಸಾಮಾನು ವಾಪಸ್ ತಗೊಳ್ತಾನೆ. ದೇವರಿಗೆ ಎಂತ ಧಾಡಿ?"

ಅತ್ತಳು. ಬೈದೆ. ಆಮೇಲೆ ಟಿಶ್ಯೂ ಕೊಟ್ಟೆ.

31, ಬುಧ, ಮಧ್ಯಾಹ್ನ

ನಿನ್ನೆ ಸಂಜೆ ಫ್ರೆಡ್ಡಿಯ ವಾಯ್ಸ್ ಮೆಸೇಜ್. "ಅಮ್ಮಾ, ನೋವು ಒಮ್ಮೆಗೇ ಕಡಿಮೆ ಆಯ್ತು." ಓಡಿಹೋಗಿ ಇವ್ಲಿನ್‌ಗೆ ಕೇಳಿಸಿದೆ. ಅವಳು ಇನ್ನೊಮ್ಮೆ ಹಾಕಿಸಿ ಕೇಳಿದಳು.

"ಒಮ್ಮೆಗೇ ಕಡಿಮೆ ಆದ್ರೆ ಒಳ್ಳೆದಲ್ಲ ಮಾಂಯ್. ಒಳಗೆ ಒಡೆದಿರ್ಬಹುದು."

ಬೆಳಿಗ್ಗೆಯಿಂದ ಅವನು ಫೋನ್ ಎತ್ತುತ್ತಿಲ್ಲ. ದೊಡ್ಡ ಮಗ ರಾಯ್‌ಸ್ಟನ್ ಸೊಹಾರಿಗೆ ಹೋದ. ಪೋರ್ಟ್ ಗೇಟಿನಲ್ಲೇ ತಡೆದರು. ಯಾರನ್ನು ಕೇಳಿದರೂ ಒಂದೇ ಮಾತು, ಕ್ಯಾಪ್ಟನ್ ಕರೆಯಬೇಕು. ದಡದಿಂದ ಫೋನ್ ಮಾಡಿದ.

"ಹಡಗು ಕಾಣ್ತದೆ ಅಮ್ಮಾ. ಸಾಲಾಗಿ ಸುಮಾರುಂಟು. ನಮ್ಮದು ಯಾವುದು ಗೊತ್ತಾಗುದಿಲ್ಲ."

ಮೊಯ್ದು ಕೊಟ್ಟ ನಂಬರ್ ಹಿಡಿದು ಜಪಾನಿನ ಆಫೀಸಿಗೆ ನಾನೇ ಡಯಲ್ ಮಾಡಿದೆ. ಒಬ್ಬಳು ಏನೋ ಮೆತ್ತಗೆ ಹೇಳುತ್ತಾಳೆ. ರೆಕಾರ್ಡು. ಗೊತ್ತಿದ್ದೂ ಅವಳ ಹತ್ತಿರ ಕೊಂಕಣಿಯಲ್ಲಿ ಗೋಗರೆದೆ...

ಜನವರಿ 1, ಗುರುವಾರ

ಈಗಲೂ ಸುದ್ದಿಯಿಲ್ಲ. ಮೊಯ್ದು ಕ್ಯಾಪ್ಟನ್‌ನ ಹಿಂದೆ ಬಿದ್ದಿದ್ದಾನಂತೆ.

ಹಾಳೆ ಮತ್ತೆ ಬಿಡಿಸಿದೆ. ಒಂಟಿ ಮುದುಕರು ಎಂದಿದೆ. ಆ ಆಫೀಸಿನವನಿಗೂ ತಾಯಿ ಇರಬಹುದು. ರಜೆಗೆ ಮಗ ಬಂದ ಎಂದು ಬಡಿಸುತ್ತಿರಬಹುದು. ಉಣ್ಣಲಿ. ನಿದ್ದೆ ಕೆಡಿಸಬೇಡ, ಅದೂ ವಾಪಸ್. ಉಂಡಾದ ಮೇಲೆ ಅವಳೇ ಕೇಳಲಿ — ಆಫೀಸಿನ ಫೋನ್ ಒಂದು ಸಲ ನೋಡಬಾರದಾ ಮಗಾ? ತಾಯಿ ಹೇಳಿದರೆ ನೋಡಿಯಾನು.

ಇದಕ್ಕಿಂತ ಚಂದದ ಪ್ರಾರ್ಥನೆ ನನಗೆ ಬರುವುದಿಲ್ಲ.

ದೇವರೇ, ಐದನೇ ತಾರೀಕು ಅವರ ಲೆಕ್ಕ. ನನ್ನದಲ್ಲ. ನನಗೆ ನಾಳೆ, ಎರಡನೇ ತಾರೀಕಿನೊಳಗೆ ಉತ್ತರ ಬೇಕು.