ನಾಳೆಯ ಪೇಪರ್ ಓದುವವರಿಗೆ

ಹಲಸೂರು, ಬೆಂಗಳೂರು ದಂಡು
ಬುಧವಾರ, 12ನೇ ಜುಲೈ 1944

ನನ್ನ ಪ್ರೀತಿಯವರೇ,

ನಮ್ಮ ಆದಿ ದಡ್ಡಿಯಲ್ಲ ರೀ, ಸೋಮಾರಿಯೂ ಅಲ್ಲ, ನಿಮ್ಮ ಮುದ್ದಿನ ತಂಗಿ ಜಾಣೆಯೆಂದು ಆಸ್ಪತ್ರೆಯ ಡಾಕ್ಟರಮ್ಮನೇ ಹೇಳಿದರು! ಅಯ್ಯೋ, ಮೊದಲು ನಿಮ್ಮ ಕ್ಷೇಮ ಕೇಳಬೇಕಿತ್ತು, ಮರೆತೇಬಿಟ್ಟೆ. ಹೇಗಿದ್ದೀರಿ? ಮದ್ರಾಸಿನ ಸೆಖೆಗೆ ಕತ್ತಿನ ಮೇಲೆ ಎದ್ದಿದ್ದ ಬೆವರುಸಾಲೆ ಹೋಯಿತೇ? ವರ್ಕ್‌ಶಾಪಿನವರು ಇನ್ನೂ ಭಾನುವಾರವೂ ಲಾರಿಯ ಕೆಳಗೆ ಮಲಗಿಸುತ್ತಾರೆಯೇ? ಅಲ್ಲಿ ನಿಮಗೆ ಮುದ್ದೆ ಸಿಗುವುದಿಲ್ಲವೆಂದು ಅತ್ತೆ ದಿನಾ ಊಟಕ್ಕೆ ಕೂತಾಗ ನಿಟ್ಟುಸಿರು ಬಿಡುತ್ತಾರೆ, ಆಮೇಲೆ ನಾನು ಮಾಡಿದ ಮುದ್ದೆಯಲ್ಲಿ ಗಂಟು ಹುಡುಕುತ್ತಾರೆ. ಸಿಗುತ್ತದೆ ಕೂಡ. "ಇಂಗ್ಲಿಷ್ ಸ್ಕೂಲಲ್ಲಿ ಇದೊಂದು ಕಲಿಸ್ಲಿಲ್ವೇನೇ ಶಾಂತಾ?" ಎನ್ನುತ್ತಾರೆ, ಆದರೂ ಒಂದು ತುತ್ತೂ ಬಿಡದೆ ನುಂಗುತ್ತಾರೆ. ನೀವು ನಿಮ್ಮ ವರ್ಕ್‌ಶಾಪಿನ ಜೊತೆಗಾರ ಕಲೀಮುಲ್ಲಾ ಅಣ್ಣನ ಕೈಯಲ್ಲಿ ಕಳಿಸಿದ ಬಳೆಗಳು ಸರಿಯಾಗಿ ಹಿಡಿಸಿವೆ. ಪಾತ್ರೆ ತೊಳೆಯುವಾಗಲೂ ತೆಗೆಯುವುದಿಲ್ಲ.

ಈಗ ಸುದ್ದಿ. ಹೆದರಬೇಡಿ, ಗಾಯ ಮಾಯುತ್ತಿದೆ. ಹೋದ ಶುಕ್ರವಾರ ಬೆಳಿಗ್ಗೆ ಆದಿಯ ಬಲಗೈ ಸುಟ್ಟಿತು. ಜಾರಿ ಬಿದ್ದಳೆಂದು ಬೀದಿಯವರಿಗೆಲ್ಲ ಹೇಳಿದ್ದೇವೆ, ನಿಮಗೆ ಮಾತ್ರ ನಿಜ ಬರೆಯುತ್ತೇನೆ. ನಾನು ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಹಿತ್ತಲಲ್ಲಿದ್ದರು. ಅವಳು ಜಡೆ ಹಾಕಿಸಿಕೊಂಡು, ಸ್ಲೇಟಿನ ಚೀಲ ಹೆಗಲಿಗೆ ಹಾಕಿಕೊಂಡು ಒಲೆಯ ಹತ್ತಿರ ಬಂದಳು, ರೊಟ್ಟಿ ತೆಗೆದಿದ್ದ ಕಾವಲಿಯನ್ನು ಒಂದು ಗಳಿಗೆ ನೋಡಿದಳು, ಅಂಗೈಯನ್ನು ಅದರ ಮೇಲೆ ಒತ್ತಿದಳು. ಕೂಗಿದ್ದು ನಾನು, ಅವಳಲ್ಲ. ಅತ್ತೆಯನ್ನೂ ಕರೆದುಕೊಂಡು ಜಟಕಾದಲ್ಲಿ ಆಸ್ಪತ್ರೆಗೆ ಹೋಗುವಾಗ ಆದಿ ನನ್ನ ಕಿವಿಯ ಹತ್ತಿರ ಬಂದು, "ಅತ್ತಿಗೆ, ಇನ್ನು ಒಂದ್ ತಿಂಗ್ಳು ಬರೆಯೋಕ್ ಆಗಲ್ಲ, ಅಲ್ವಾ?" ಎಂದಳು. ದೀಪಾವಳಿ ರಜೆ ಎಷ್ಟು ದಿನ ಎಂದು ಕೇಳುವ ಹಾಗೆ ಕೇಳಿದಳು ರೀ. ಇದನ್ನು ಬರೆಯುವಾಗ ಸಾಲುಗಳೆಲ್ಲ ಸೊಟ್ಟಗಾಗಿವೆ, ಅಕ್ಷರ ನೋಡಿದರೆ ನಿಮಗೇ ತಿಳಿಯುತ್ತದೆ ಎಂದು ಬರೆಯಹೊರಟೆ. ಯಾಕೆ ತಡೆದೆ ಎನ್ನುವುದು ಆಮೇಲೆ.

ಅವಳು ಒಂದೇ ಕ್ಲಾಸಿನಲ್ಲಿ ಕೂತಿರುವುದು ಮೂರನೆಯ ವರ್ಷ ಎನ್ನುವುದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇಷ್ಟು: ಈ ತಿಂಗಳ ಕೊನೆಗೆ ಹೆಸರು ಹೊಡೆದುಹಾಕುತ್ತೇವೆಂದು ಹೆಡ್‌ಮಿಸ್ಟ್ರೆಸ್ ಹೇಳಿ ಕಳಿಸಿದ್ದಾರೆ. ಅತ್ತೆ ಅವತ್ತೇ ತೀರ್ಮಾನ ಮಾಡಿದರು, "ಅಮಾವಾಸ್ಯೆ ಕಳೀಲಿ, ಗರುಡಾಚಾರ್‌ಪಾಳ್ಯಕ್ಕೆ ಸೋದರತ್ತೆ ಮನೆಗ್ ಕಳಿಸ್ತೀನಿ, ಸಗಣಿ ಬಾಚ್ಕೊಂಡಿರ್ಲಿ." ಹನ್ನೊಂದು ವರ್ಷದ ಹುಡುಗಿ! ಒಂದು ಸಲ ಕೇಳಿದ ಕಥೆಯನ್ನು ರಾಕ್ಷಸನಿಗೊಂದು ದನಿ, ಮುದುಕಿಗೊಂದು ದನಿ ಮಾಡಿ ಹಾಗೆಹಾಗೇ ಒಪ್ಪಿಸುತ್ತಾಳೆ. ಪಾಠವನ್ನೂ ನನ್ನ ಬಾಯಿಂದ ಕೇಳಿ, ಪುಸ್ತಕ ಎದುರಿಗಿಟ್ಟುಕೊಂಡು ಗಡಗಡ ಓದುತ್ತಾಳೆ, ನಾನು ಎಷ್ಟು ಹಿಗ್ಗಿದ್ದೆ! ಒಂದು ದಿನ ನೋಡಿದರೆ ಅವಳು ತೆರೆದಿಟ್ಟುಕೊಂಡಿದ್ದ ಪುಟವೇ ಬೇರೆ.

ಡಾಕ್ಟರಮ್ಮ ಇಂಗ್ಲೆಂಡಿನವರು, ನರೆತ ಕೂದಲು, ಸಿಡುಕು ಮುಖ, ಕೈ ಮಾತ್ರ ಹತ್ತಿಯಷ್ಟು ಮೃದು. ಬಿದ್ದವಳಿಗೆ ಅಂಗೈ ನಡುವೆ ಹೀಗೆ ಸುಡುವುದಿಲ್ಲ ಎಂದು ನನ್ನ ಮುಖವನ್ನೇ ದುರುಗುಟ್ಟಿ ನೋಡಿದರು. ಎಲ್ಲ ಹೇಳಿಬಿಟ್ಟೆ. ಅವರು ಉಳಿದ ರೋಗಿಗಳನ್ನು ಕಾಯಿಸಿ ಆದಿಯನ್ನು ಎದುರಿಗೆ ಕೂರಿಸಿಕೊಂಡರು. ನನ್ನಿಂದ ಕನ್ನಡ ಅಕ್ಷರ ಬರೆಸಿ ಯಾವುದೆಂದು ಅವಳನ್ನು ಕೇಳಿಸಿದರು, ಅವಳಿಂದ ಕಥೆ ಹೇಳಿಸಿದರು, ಲೆಕ್ಕ ಬಾಯಲ್ಲಿ ಮಾಡಿಸಿದರು. ಕೊನೆಗೆ ಅದಕ್ಕೊಂದು ಹೆಸರು ಹೇಳಿದರು, ವರ್ಡ್ ಬ್ಲೈಂಡ್‌ನೆಸ್ ಎಂದು. ಕಣ್ಣು ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ, ಆದರೆ ಕಂಡ ಅಕ್ಷರ ಅದರ ಶಬ್ದದ ಜೊತೆ ಸೇರಿಕೊಳ್ಳುವುದು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಬಹಳ ಕಷ್ಟವಂತೆ. ಯಾರ ತಪ್ಪೂ ಅಲ್ಲ. ಮಗುವಾಗಿದ್ದಾಗ ಬಜೆ ತೇಯ್ದು ನೆಕ್ಕಿಸದೆ ಹೋದದ್ದೂ ಕಾರಣವಲ್ಲ. ಹೊಡೆದರೆ ಹೋಗುವಂಥದ್ದೂ ಅಲ್ಲ. ಮರಳಿನಲ್ಲಿ ಬೆರಳಿಂದ ತಿದ್ದಿಸಿ, ತಿದ್ದುವಾಗಲೇ ಶಬ್ದ ಬಾಯಲ್ಲಿ ಹೇಳಿಸಿ, ದಿನಾ ಸ್ವಲ್ಪ ಸ್ವಲ್ಪ ಕಲಿಸಿದರೆ ಓದು ನಿಧಾನಕ್ಕಾದರೂ ಬರುತ್ತದಂತೆ. "ಇಂಥ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ, ಬೆತ್ತದ ಏಟು ತಿನ್ನುತ್ತ ಕೂತಿದ್ದಾರೆ" ಎಂದರು. ಶಾಲೆಯವರು ಒಪ್ಪಿದರೆ ಒಂದು ಶನಿವಾರ ಮೇಷ್ಟ್ರುಗಳನ್ನೆಲ್ಲ ಕೂರಿಸಿ ಹೇಳುತ್ತಾರಂತೆ, ಕನ್ನಡದಲ್ಲಿ ಹೇಳುವವಳು ನಾನು! ಹಲಸೂರು ಆದ ಮೇಲೆ ಬ್ಲಾಕ್‌ಪಲ್ಲಿ, ಆಮೇಲೆ ಕೃಷ್ಣರಾಜಪುರದ ಶಾಲೆ ಎಂದು ವಾಪಸು ಬರುವ ಜಟಕಾದಲ್ಲಿ ಕೂತು ಮನಸ್ಸಿನಲ್ಲೇ ಊರೆಲ್ಲ ಸುತ್ತಿಬಿಟ್ಟೆ.

ಅತ್ತೆಗೆ ಮಾತ್ರ ಕುರುಡು ಎಂಬುದೊಂದೇ ಕಿವಿಗೆ ಬಿತ್ತು. ನಾನಾದರೂ ಅಕ್ಷರಗುರುಡು ಎಂದು ಅವಸರದಲ್ಲಿ ಕನ್ನಡ ಮಾಡಿಬಿಟ್ಟೆ. "ನನ್ ಮಗಳು ಗೋಪುರದ್ ಮೇಲಿನ್ ಪಾರಿವಾಳ ಎಣಿಸ್ತಾಳೆ ಕಣೇ! ಕುರುಡಿ ಅಂತ ಹೆಸರಿಟ್ರೆ ನಾಳೆ ಯಾವನ್ ಕಟ್ಕೋತಾನೆ?" ಎಂದು ಆಸ್ಪತ್ರೆಯಲ್ಲೇ ರೇಗಿದರು. ಆಗ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು. ಇದು ಮನೆತನದಲ್ಲಿ ಹರಿದು ಬರುವುದುಂಟು, ತಂದೆ, ಅಣ್ಣತಮ್ಮಂದಿರು, ಯಾರಿಗಾದರೂ ಇತ್ತೇ ಎಂದು. ಅತ್ತೆ ಎದೆ ಸೆಟೆಸಿ ನಿಂತರು. "ನಮ್ ಮನೇಲ್ ಅಂಥೋರ್ ಯಾರೂ ಇಲ್ಲ ಅಂತ ಹೇಳು ನಿನ್ ದೊರೆಸಾನಿಗೆ. ನನ್ ಮಗ ದಿನಾ ಪೇಪರ್ ಓದ್ತಾನೆ." ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ ರೀ, ಅಷ್ಟರಲ್ಲೇ ರೋಮ್ ನೆನಪಾಯಿತು.

ನಿಮಗೂ ನೆನಪಿರಬೇಕು. ಮದುವೆಯಾದ ಹೊಸದು, ನೀವು ಸಂಜೆ ಟೀ ಅಂಗಡಿಯಿಂದ ಬಂದು ಜಗಲಿಯ ಮೇಲೆ ಪೇಪರ್ ಹರಡಿಕೊಂಡು ನಮಗೆಲ್ಲ ಯುದ್ಧದ ಸುದ್ದಿ ಓದುತ್ತಿದ್ದಿರಿ. ಆವತ್ತು ರೋಮ್ ಬಿತ್ತು ಎಂದು ಓದಿದಿರಿ, ಆದಿ ಚಪ್ಪಾಳೆ ಹೊಡೆದಳು. ಆಮೇಲೆ ನಾನು ಅದೇ ಪೇಪರಿನಲ್ಲಿ ಎಷ್ಟು ಹುಡುಕಿದರೂ ರೋಮ್ ಸಿಗಲಿಲ್ಲ. ಮರುದಿನ ಬೆಳಿಗ್ಗೆಯ ಪೇಪರಿನಲ್ಲಿ ದಪ್ಪಕ್ಷರದಲ್ಲಿತ್ತು! ನನ್ನ ಗಂಡ ನಾಳೆಯ ಪೇಪರನ್ನು ಇವತ್ತೇ ಓದುತ್ತಾರೆ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡು ನಕ್ಕಿದ್ದೆ, ಎಂಥ ಪೆದ್ದಿ ನಾನು. ಟೀ ಅಂಗಡಿಯಲ್ಲಿ ರೇಡಿಯೋ ಇದೆ ಎನ್ನುವುದು ಆಸ್ಪತ್ರೆಯಲ್ಲಿ ನಿಂತಾಗ ಹೊಳೆಯಿತು. ಹಿಂದೆಯೇ ಇನ್ನೊಂದು. ಕಲೀಮುಲ್ಲಾ ಅಣ್ಣ ರಜೆಗೆ ಬಂದು ಬಳೆ ಕೊಟ್ಟು ಹೊರಡುವಾಗ, "ಭಾಬಿ, ಮುಂದಿನ್ ಸಲ ಕಾಗದ ಸ್ವಲ್ಪ ಚಿಕ್ಕದ್ ಬರೀರಿ, ಗಂಟಲು ಒಣಗೋಗತ್ತೆ" ಎಂದು ನಾಲಿಗೆ ಕಚ್ಚಿಕೊಂಡಿದ್ದರು. ತಮಾಷೆ ಎಂದುಕೊಂಡಿದ್ದೆ.

ಡಾಕ್ಟರಮ್ಮನಿಗೆ, "ಯಾರೂ ಇಲ್ಲ ಎನ್ನುತ್ತಾರೆ" ಎಂದಷ್ಟೇ ಹೇಳಿದೆ. ಅತ್ತೆಯ ಹತ್ತಿರ ಒಂದು ಮಾತೂ ಆಡಿಲ್ಲ. ಆಡುವುದೂ ಇಲ್ಲ.

ಕಲೀಮುಲ್ಲಾ ಅಣ್ಣ, ಇಲ್ಲಿ ಒಂದು ಗುಟುಕು ನೀರು ಕುಡಿದು ಮುಂದೆ ಓದಿ. ಅವರು ಎದ್ದು ಹೋಗಲು ನೋಡಿದರೆ ತೋಳು ಹಿಡಿದು ಕೂರಿಸಿ.

ರೀ, ನಾನು ತಪ್ಪು ತಿಳಿದಿದ್ದರೆ ಈ ಕಾಗದ ಹರಿದುಹಾಕಿ, ಇಬ್ಬರೂ ಕೂತು ನನ್ನನ್ನು ನೋಡಿ ನಗಿ. ತಪ್ಪಲ್ಲದಿದ್ದರೆ ಕೇಳಿ. ಹೆಣ್ಣು ನೋಡಲು ಬಂದಾಗ ನಮ್ಮಪ್ಪನ ಹತ್ತಿರ ಲೋಯರ್ ಸೆಕೆಂಡರಿ ಪಾಸು ಎಂದಿದ್ದಿರಲ್ಲ, ಅದಕ್ಕೆ ಕೋಪ ಬಂತು. ಶನಿವಾರವಿಡೀ ಬಳೆ ತೆಗೆದಿಟ್ಟಿದ್ದೆ. ಭಾನುವಾರ ಹಾಕಿಕೊಂಡೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು, ಒಂದು ಹಾಳು ಪೇಪರಿಗೆ ಹೆದರಿ ಇಷ್ಟು ವರ್ಷ ಹೇಗೆ ಬದುಕಿದಿರೋ ಎಂದು ಅತ್ತೂ ಬಿಟ್ಟೆ.

ಈಗ ಎಲ್ಲ ನಿಮ್ಮ ಮೇಲೆ ನಿಂತಿದೆ. ಅತ್ತೆ ಡಾಕ್ಟರಮ್ಮನನ್ನು ನಂಬುವುದಿಲ್ಲ. "ನನ್ ಮಗ ಓದಿದೋನು. ಅವನು ಹೂಂ ಅಂದ್ರೆ ಸ್ಕೂಲು, ಉಹೂಂ ಅಂದ್ರೆ ಗರುಡಾಚಾರ್‌ಪಾಳ್ಯ" ಎಂದು ಕೂತಿದ್ದಾರೆ. ಅವರಿಗಾದರೆ ಹೂಂ ಎಂದು ಒಂದು ಸಾಲು ಬರೆಸಿ ಹಾಕಿದರೂ ಆದೀತು. ಆದಿಗೆ ಅದು ಆಗುವುದಿಲ್ಲ. ಮೊನ್ನೆ ಮರಳು ಹರಡಿ ತಿದ್ದಲು ಕೂರಿಸಿದರೆ ಎಡಗೈಯಿಂದ ಮರಳನ್ನೆಲ್ಲ ಚೆಲ್ಲಿದಳು. "ಅಣ್ಣ ಪೇಪರ್ ಓದ್ತಾನೆ, ಅಣ್ಣ ಕಾಗದ ಬರೀತಾನೆ, ನಂಗೊಬ್ಳಿಗೇ ಬರಲ್ಲ. ನಾನೇ ಕೆಟ್ಟೋಳು" ಎಂದಳು. ನಿಮ್ಮಿಂದ ಕಾಗದ ಬಂದಷ್ಟೂ ಅವಳು ಕುಗ್ಗುತ್ತಾಳೆ. ಬಲಗೈ ಇನ್ನೇನು ವಾಸಿಯಾಗುತ್ತದೆ ರೀ. ಅವಳು ದಿನಾ ಬಟ್ಟೆ ಬಿಚ್ಚಿ ನೋಡಿಕೊಳ್ಳುತ್ತಾಳೆ, ಬೇಗ ಮಾಯುತ್ತಿದೆಯೆಂದು ಮುಖ ಸಣ್ಣ ಮಾಡುತ್ತಾಳೆ. ನಾನು ಕಾವಲಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಒದ್ದೆ ಬಟ್ಟೆಯಲ್ಲಿ ಮಲಗಬೇಡಿ. ಅತ್ತೆಯ ಆಶೀರ್ವಾದ, ಆದಿಯ ಎಡಗೈ ನಮಸ್ಕಾರ.

ನಿಮ್ಮವಳೇ ಆದ,
ಶಾಂತಕುಮಾರಿ

ಮರೆತ ಮಾತು: ಲಕೋಟೆ ಅಂಟಿಸುವುದರೊಳಗೆ ಕಲೀಮುಲ್ಲಾ ಅಣ್ಣನ ತಾಯಿ ಕಮರುನ್ನೀಸಾ ಅಮ್ಮ ಬಂದರು. ಶನಿವಾರ ರಾತ್ರಿ ಮಗನನ್ನು ನೋಡಲು ಹೊರಟಿದ್ದಾರೆ, ಜೊತೆಗೆ ನಾನೂ ಆದಿಯೂ ಬರುತ್ತೇವೆ! ಆಷಾಢದಲ್ಲಿ ಹೊಸ ಮದುವಣಗಿತ್ತಿ ಗಂಡನ ಮುಖ ನೋಡಬಾರದೆಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ನೋಡುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿದ ಮೇಲೆ ಬಿಟ್ಟರು. ಆದ್ದರಿಂದ ಸ್ಟೇಷನ್ನಿನಲ್ಲಿ ನಾನು ಕಮರುನ್ನೀಸಾ ಅಮ್ಮನ ಬುರ್ಖಾದ ಹಿಂದೆ ನಿಂತಿರುತ್ತೇನೆ, ನನ್ನ ಬಳೆ ಸದ್ದು ಕೇಳಿಸಿಕೊಂಡರೆ ಸಾಕು. ನೀವು ಆದಿಯ ಮುಖ ನೋಡಿ. ಅವಳ ಕೈ ಹಿಡಿದು, ನನಗೂ ಬರಲ್ಲ ಕಣೇ ಎಂದು ನೀವೇ ಹೇಳಬೇಕು. ಹೇಳಲಾಗದಿದ್ದರೆ ಸುಮ್ಮನೆ ಬಂದು ಹೋಗಿ, ನಾನು ಏನೂ ಕೇಳುವುದಿಲ್ಲ. ಆದರೆ ದಯವಿಟ್ಟು ಕೈಯಲ್ಲಿ ಪೇಪರ್ ಹಿಡಿದು ಬರಬೇಡಿ. ಮದ್ರಾಸ್ ಸೆಂಟ್ರಲ್, ಭಾನುವಾರ ಬೆಳಿಗ್ಗೆ, ಬೆಂಗಳೂರು ಮೇಲ್.